ಮಿರರ್ ಸರ್ವರ್‌ಗಳ ಹೊರೆ: ಒಂದು ಚರಿತ್ರೆ

1991ರಲ್ಲಿ ಲಿನಕ್ಸ್‌ನ ಮೊದಲ ಆವೃತ್ತಿ ಫಿನ್ಲೆಂಡಿನ ವಿಶ್ವವಿದ್ಯಾಲಯಗಳ ಜಾಲವಾದ ಫುನೆಟ್‌ನ ಸರ್ವರಿನಲ್ಲಿ ದೊರೆತ ಬಳಿಕ, ಖಂಡಾಂತರ ಸಂಪರ್ಕಗಳು ನಿಧಾನವಾಗಿದ್ದ ಆ ಕಾಲದಲ್ಲಿ, ಅಮೆರಿಕದ ಎಂಐಟಿಯಲ್ಲಿ ಥಿಯೊಡೋರ್ ತ್ಸೊ ಅದರ ಮಿರರನ್ನು, ಅಂದರೆ ಮೂಲ ಸಂಗ್ರಹದ ಯಥಾಪ್ರತಿಯನ್ನು, ತೆರೆದರು. ಇಂತಹ ತಾಣಗಳು ಆತಿಥೇಯ ಸಂಸ್ಥೆಯ ಸ್ವಂತ ಕೆಲಸಕ್ಕೆ ಅಡ್ಡಿಯಾಗದಂತೆ, ಏಕಕಾಲಕ್ಕೆ ಪ್ರವೇಶಿಸಬಹುದಾದ ಅನಾಮಧೇಯ ಬಳಕೆದಾರರ ಸಂಖ್ಯೆಗೆ ಮಿತಿ ಹಾಕುವುದು ರೂಢಿಯಾಗಿತ್ತು. ಆದರೆ ಮಿರರ್‌ಗಳು ಹೆಚ್ಚಿದಂತೆ, ಅವು ಕಡತಗಳನ್ನು ತರಿಸಿಕೊಳ್ಳುವುದೇ ಮೂಲ ಸರ್ವರಿಗೆ ಹೊರೆಯಾಯಿತು. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕರಸ್ ಪ್ರಕಟಿಸಿದ ಆರ್‌ಸಿಂಕ್ ಎಂಬ ತಂತ್ರಾಂಶವು, ಕಡತವನ್ನು ತುಣುಕುಗಳಾಗಿ ವಿಂಗಡಿಸಿ, ಪ್ರತಿ ತುಣುಕಿನಿಂದ ಗಣಿಸಿದ ಚೆಕ್‌ಸಮ್ ಎಂಬ ಗುರುತಿನ ಸಂಖ್ಯೆಯನ್ನು ಹೋಲಿಸಿ, ಬದಲಾದ ಭಾಗವನ್ನಷ್ಟೇ ಸಾಗಿಸಿತು. ಜಾಲದ ಹೊರೆ ಇಳಿಯಿತಾದರೂ ಲೆಕ್ಕಾಚಾರದ ಹೊರೆ ಸರ್ವರಿನ ಮೇಲೆಯೇ ಬಿದ್ದುದರಿಂದ, ಲಿನಕ್ಸ್ ವಿತರಣೆಯಾದ ಡೆಬಿಯನ್‌ನಂತಹ ಯೋಜನೆಗಳು ಮಿರರ್‌ಗಳನ್ನು ಶ್ರೇಣಿಗಳಾಗಿ ಜೋಡಿಸಿ, ಕೆಳಗಿನವು ಮೇಲಿನವುಗಳಿಂದಲೇ ಪ್ರತಿ ಪಡೆಯುವ ವ್ಯವಸ್ಥೆ ಮಾಡಿದವು.