ಓಲೆಯ ಒಡೆತನ

ಖಜೂರಿಯ ನಮ್ಮ ಮನೆಯ ಪೆಟ್ಟಿಗೆಯಲ್ಲಿ, ದಿವಂಗತರಾದ ಹಿರಿಯ ಮಿತ್ರರೊಬ್ಬರು ನನಗೆ ಬರೆದ ನಾಲ್ವತ್ತು ಕಾಗದಗಳುಂಟು. ವಚನಗಳ ಪಾಠಭೇದಗಳನ್ನು ಕುರಿತು ನಾವು ಕೆಲವರು ನಡೆಸಿದ ಚರ್ಚೆಯೇ ಅವುಗಳ ವಿಷಯ. ಅವನ್ನು ಸರ್ವರಿಗೂ ದೊರೆಯುವಂತೆ ಪ್ರಕಟಿಸಬೇಕೆಂದು ತರುಣರು ಕೇಳುತ್ತಿರುವರು. ಹಾಳೆ ನನ್ನ ವಶದಲ್ಲಿದೆ, ಮಾತು ಯಾರದು?

ಪರರ ಮಾತನ್ನು ಸಂಗ್ರಹಿಸುವುದು ನಮ್ಮ ನಾಡಿಗೆ ಹೊಸದಲ್ಲ. 12ನೆಯ ಶತಮಾನದ ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೊಂದಿಸಿ, 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ರಚಿಸಿದನು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯ ಇವರು ಬಳಿಕ ಅದನ್ನು ಪರಿಷ್ಕರಿಸಿದರು. ಅಪ್ಪಣೆ ಬೇಡೋಣವೆಂದರೆ ವಚನಕಾರರು ಆಗ ಬದುಕಿರಲಿಲ್ಲ. ಆದರೂ ಅಲ್ಲಮನ ಮಾತಿಗೆ ಗುಹೇಶ್ವರ, ಅಕ್ಕನ ಮಾತಿಗೆ ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತವು ನಿಂತಿತು. ಕರ್ತೃವಿನ ಹೆಸರನ್ನು ಅಳಿಸಬಾರದೆಂಬ ಧರ್ಮವನ್ನು ಅದರಿಂದ ಕಲಿಯಬಹುದು.

ಅಪ್ಪಣೆಯ ಪ್ರಶ್ನೆಯು ಅಚ್ಚಿನ ಯಂತ್ರದೊಡನೆ ತೀಕ್ಷ್ಣವಾಯಿತು. ಇಂಗ್ಲೆಂಡಿನಲ್ಲಿ ಗ್ರಂಥಸ್ವಾಮ್ಯದ ಶಾಸನವು 1710ರಲ್ಲಿ ಜಾರಿಗೆ ಬಂದಿತು. ಪೋಪ್ ಕವಿಯ ಕಾಗದಗಳನ್ನು ಕರ್ಲ್ ಎಂಬ ಪುಸ್ತಕವ್ಯಾಪಾರಿಯು ಕೇಳದೆ ಅಚ್ಚುಹಾಕಲು, ಕವಿಯು ನ್ಯಾಯಾಲಯವನ್ನೇರಿದನು. 1741ರಲ್ಲಿ ಲಾರ್ಡ್ ಹಾರ್ಡ್‌ವಿಕ್ ಇತ್ತ ನಿರ್ಣಯವಿದು: ಕಾಗದ ಪಡೆದವನಿಗೆ ಹಾಳೆಯ ಮೇಲೆ ಒಡೆತನವುಂಟಾದೀತು, ಅದನ್ನು ಲೋಕಕ್ಕೆ ಪ್ರಕಟಿಸುವ ಅಧಿಕಾರವಿಲ್ಲ.

ನಮ್ಮ ದೇಶದ 1957ರ ಶಾಸನದ ಹಾದಿಯೂ ಇದೇ. ಕರ್ತೃವಿನ ಮರಣಾನಂತರ 50 ವರ್ಷವಿದ್ದ ಅವಧಿಯು 1992ರ ತಿದ್ದುಪಡಿಯಿಂದ 60 ವರ್ಷವಾಯಿತು. 1948ರಲ್ಲಿ ಗತಿಸಿದ ಗಾಂಧೀಜಿಯವರ ಬರಹಗಳು 2009ರ ಜನವರಿ 1ರಂದು ಸಾರ್ವಜನಿಕರ ಸೊತ್ತಾದುದು ಈ ಗಣನೆಯಿಂದಲೇ. ಕರ್ತೃವು ಜೀವಿಸಿದ್ದಾಗ ಪ್ರಕಟವಾಗದ ಬರಹಕ್ಕಾದರೋ ಪ್ರಥಮ ಪ್ರಕಟನೆಯಿಂದಲೇ 60 ವರ್ಷಗಳ ಎಣಿಕೆ. ಇಂದಿನ ಮಿಂಚಂಚೆಗೂ ನ್ಯಾಯ ಬೇರೆಯಲ್ಲ. ಹಾಳೆ ಇಲ್ಲದ ಮಾತ್ರಕ್ಕೆ ಮಾತು ಒಡೆಯನಿಲ್ಲದ್ದಾಗದು. ಹತ್ತು ಮಂದಿಯ ಚರ್ಚೆಯಾದರೆ ಒಡೆಯರೂ ಹತ್ತು ಮಂದಿ.

ಹಾಗೆಂದು ಎಲ್ಲವನ್ನೂ ಗೆದ್ದಲಿಗೆ ಒಪ್ಪಿಸತಕ್ಕದ್ದೆ? ಅದೂ ವಿದ್ಯಾದ್ರೋಹವೇ. ಆದುದರಿಂದ ನಾನು ಮಿತ್ರರ ಮಕ್ಕಳಿಗೆ ಪ್ರತಿಗಳನ್ನು ಕಳುಹಿಸಿ ಸಮ್ಮತಿಯನ್ನು ಬೇಡಿದೆನು. ಮನೆಯ ಸಾಲವನ್ನೂ ತಾಯಿಯ ಕಾಯಿಲೆಯನ್ನೂ ಹೇಳುವ ಎರಡು ಕಾಗದಗಳನ್ನು ಬಿಟ್ಟು ಉಳಿದವಕ್ಕೆ ಅವರು ಒಪ್ಪಿದರು. ಚರ್ಚೆಯಲ್ಲಿದ್ದ ಉಳಿದವರನ್ನೂ ಕೇಳುತ್ತಿದ್ದೇನೆ. ನನ್ನ ಉತ್ತರಗಳು ಆ ಮಿತ್ರರ ಮನೆಯಲ್ಲಿವೆ. ಅವುಗಳನ್ನು ಅಚ್ಚುಮಾಡಬಹುದೇ ಎಂದು ಅವರ ಮಕ್ಕಳು ನನ್ನನ್ನು ಕೇಳಿದಾಗ, ಕೇಳಿಸಿಕೊಳ್ಳುವವನ ಸಮಾಧಾನವೇನೆಂಬುದು ನನಗೆ ತಿಳಿಯಿತು.