ಕೊರಿಯಾದ ದುಭಾಷಿಗಳೂ ಇಂಗ್ಲಿಷ್ ನುಡಿಗಟ್ಟುಗಳೂ

ಪರಭಾಷೆಯ ಪದಗಳನ್ನು ಕಲಿಯುವುದು ಅಷ್ಟೇನೂ ಕಷ್ಟವಲ್ಲ. ಎರಡು ಪದಗಳು ಒಂದರ ಪಕ್ಕದಲ್ಲೊಂದು ನಿಂತು, ತಮ್ಮ ಮೊದಲಿನ ಅರ್ಥಗಳನ್ನು ಬಿಟ್ಟು ಬೇರೊಂದನ್ನು ಹೇಳತೊಡಗಿದಾಗ ಕಲಿಯುವವನಿಗೆ ತೊಡಕು ಬರುವುದು. ಈ ತೊಡಕಿನಿಂದ ನಮ್ಮ ಹುಡುಗರಿಗೆ ಪರೀಕ್ಷೆಯಲ್ಲಿ ನಾಲ್ಕಾರು ಅಂಕಗಳು ಹೋಗಬಹುದು. ಕೊರಿಯಾ ದೇಶದಲ್ಲಾದರೋ ಇಂತಹ ಒಂದು ನುಡಿಗಟ್ಟನ್ನು ರಾಜನೇ ಇಪ್ಪತ್ತಮೂರು ವರ್ಷಗಳ ಕಾಲ ನಂಬಿಕೊಂಡಿದ್ದನು. ಆ ದೇಶೀಯರು ಇಂಗ್ಲಿಷನ್ನು ಕಲಿತ ಬಗೆಯನ್ನು ವಿಚಾರಿಸುವವರು ಅಲ್ಲಿಂದಲೇ ಮೊದಲುಮಾಡುವುದು ಯುಕ್ತವೆಂದು ತೋರುತ್ತದೆ.

೧೮೮೨ನೆಯ ಇಸವಿ ಮೇ ತಿಂಗಳ ೨೨ನೆಯ ದಿನ, ಚೆಮುಲ್ಪೊ ರೇವಿನಲ್ಲಿ, ಕೊರಿಯಾಕ್ಕೂ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೂ ಒಡಂಬಡಿಕೆಯಾಯಿತು. ಪಾಶ್ಚಾತ್ಯ ರಾಷ್ಟ್ರವೊಂದರೊಡನೆ ಕೊರಿಯಾ ಮಾಡಿಕೊಂಡ ಮೊದಲನೆಯ ಒಡಂಬಡಿಕೆಯಿದು. ಇದರ ಕರಡು ಸಿದ್ಧವಾದುದು ಚೀನಾದ ತಿಯನ್‌ಜಿನ್ ನಗರದಲ್ಲಿ. ಮಾತುಕತೆಯಾಡಿದವರು ಅಮೆರಿಕದ ನೌಕಾಧಿಕಾರಿ ಷೂಫೆಲ್ಟನೂ ಚೀನಾದ ಮಹಾಮಂತ್ರಿ ಲೀ ಹುಂಗ್‌ಚಾಂಗನೂ. ಕೊರಿಯಾದ ಪಕ್ಷದಲ್ಲಿ ಇಂಗ್ಲಿಷ್ ಬಲ್ಲವರಿರಲಿಲ್ಲ. ಒಡಂಬಡಿಕೆಯನ್ನು ಇಂಗ್ಲಿಷಿನಲ್ಲಿಯೂ ಚೀನೀ ಭಾಷೆಯಲ್ಲಿಯೂ ಬರೆದರು. ಅದರ ಮೊದಲನೆಯ ಪ್ರಕರಣದಲ್ಲಿ, ಎರಡರಲ್ಲೊಂದು ದೇಶವನ್ನು ಇತರರು ಅನ್ಯಾಯದಿಂದ ಪೀಡಿಸಿದರೆ ಮತ್ತೊಂದು ದೇಶವು ತನ್ನ ‘ಗುಡ್ ಆಫೀಸಸ್’ ನಡೆಸಬೇಕೆಂದಿತ್ತು. ಆಫೀಸೆಂದರೆ ಕಚೇರಿಯೆಂದು ತಿಳಿದ ನಮ್ಮ ಕನ್ನಡಿಗನು ಇದನ್ನು ‘ಒಳ್ಳೆಯ ಕಚೇರಿಗಳು’ ಎಂದು ಓದಿದರೆ ನಗಬೇಕಾದುದಿಲ್ಲ. ರಾಜನೀತಿಯ ಇಂಗ್ಲಿಷಿನಲ್ಲಿ ಅದರ ಅರ್ಥವು ಬಹು ತೆಳುವಾದುದು: ಇಬ್ಬರ ನಡುವೆ ಒಳ್ಳೆಯ ಮಾತಾಡಿ ಸಮಾಧಾನಕ್ಕೆ ಯತ್ನಿಸುವುದು, ಅಷ್ಟೆ. ಚೀನೀ ಪಾಠದಲ್ಲಿಯಾದರೋ ‘ಅವಶ್ಯವಾಗಿ ಪರಸ್ಪರ ನೆರವಾಗಬೇಕು’ ಎಂಬ ಮಾತೇ ಬಿದ್ದಿತು. ಕೊರಿಯಾದ ರಾಜನಾದ ಕೊಜೊಂಗನು ಓದಿದುದು ಈ ಚೀನೀ ಪಾಠವನ್ನು. ಅಮೆರಿಕವು ಆಪತ್ಕಾಲದ ಬಂಧುವೆಂದು ಅವನು ನಂಬಿದುದರಲ್ಲಿ ಆಶ್ಚರ್ಯವೇನು?

ಮರುವರ್ಷ ರಾಜನು ಮಿನ್ ಯೊಂಗ್-ಇಕ್ ಎಂಬ ತರುಣ ಪ್ರಭುವಿನ ನಾಯಕತ್ವದಲ್ಲಿ ಅಮೆರಿಕಕ್ಕೆ ನಿಯೋಗವೊಂದನ್ನು ಕಳುಹಿಸಿದನು. ಅವರು ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಅಧ್ಯಕ್ಷ ಆರ್ಥರನನ್ನು ಕಂಡಾಗ, ತಮ್ಮ ದೇಶಮರ್ಯಾದೆಯಂತೆ ನೆಲಕ್ಕೆ ಹಣೆಮುಟ್ಟಿಸಿ ವಂದಿಸಿದರು. ಆ ವಂದನೆಗೆ ದುಭಾಷಿ ಬೇಕಾಗಲಿಲ್ಲ, ಮಾತಿಗೆ ಬೇಕಾದರು. ನಿಯೋಗದ ಜೊತೆಗೆ ಪರ್ಸಿವಲ್ ಲೊವೆಲ್ ಎಂಬ ಅಮೆರಿಕನನಿದ್ದನು. ಮುಂದೆ ಮಂಗಳಗ್ರಹದಲ್ಲಿ ಕಾಲುವೆಗಳಿವೆಯೆಂದು ವಾದಿಸಿದ ಖಗೋಳಜ್ಞನು ಈತನೇ. ಅವನಿಗೆ ಕೊರಿಯನ್ ಬಾರದು. ಮಿಯಾವೊಕ ಎಂಬ ಜಪಾನೀ ಯುವಕನಿಗೆ ಇಂಗ್ಲಿಷ್ ಬರುತ್ತಿತ್ತು. ನಿಯೋಗದ ಕೆಲವರಿಗೆ ಜಪಾನೀ ಬರುತ್ತಿತ್ತು. ಹೀಗೆ ಒಂದು ಮಾತು ಮೂರು ಭಾಷೆಗಳ ಹೊಸ್ತಿಲು ದಾಟಿ ಕಿವಿಗೆ ತಲಪುತ್ತಿತ್ತು.

ಅದೇ ೧೮೮೩ರಲ್ಲಿ ಅಮೆರಿಕದ ಮೊದಲ ರಾಯಭಾರಿಯು ಸೋಲ್ ನಗರಕ್ಕೆ ಬಂದಾಗ ಅವನೊಡನೆ ಯುನ್ ಚಿ-ಹೊ ಎಂಬ ಹದಿನೆಂಟು ವರ್ಷದ ಕೊರಿಯನ್ ಹುಡುಗನು ದುಭಾಷಿಯಾಗಿ ಬಂದನು. ಅವನ ಇಂಗ್ಲಿಷ್ ವ್ಯಾಸಂಗವು ಜಪಾನಿನಲ್ಲಿ ನಡೆದ ಕೆಲವೇ ತಿಂಗಳ ಪಾಠ! ಈತನ ದಿನಚರಿಯ ಕಥೆ ವಿಚಾರಾರ್ಹವಾದುದು. ಮೊದಲು ಚೀನೀ ಲಿಪಿಯಲ್ಲಿ ಬರೆದನು. ಬಳಿಕ ಸ್ವಲ್ಪಕಾಲ ತಾಯ್ನುಡಿಯಲ್ಲಿ. ೧೮೮೯ರ ಕೊನೆಯಲ್ಲಿ, ಅಮೆರಿಕದಲ್ಲಿ ಓದುತ್ತಿದ್ದಾಗ, ತನ್ನ ಮನಸ್ಸಿನಲ್ಲಿರುವುದನ್ನೆಲ್ಲ ಹೇಳಲು ಕೊರಿಯನ್ನಿನಲ್ಲಿ ಪದಗಳು ಸಾಲವೆಂದು ಬಗೆದು ಇಂಗ್ಲಿಷಿಗೆ ತಿರುಗಿದನು. ೧೯೪೩ರವರೆಗೂ ಅದೇ ಭಾಷೆಯಲ್ಲಿ ಬರೆದನು. ತನ್ನ ಏಕಾಂತವನ್ನೂ ಪರಭಾಷೆಗೆ ಒಪ್ಪಿಸಿದ ಈ ಮನುಷ್ಯನನ್ನು ಹಳಿಯಬೇಕೋ ಮರುಗಬೇಕೋ ನಮಗೆ ನಿಶ್ಚಯವಾಗದು. ನಮ್ಮಲ್ಲಿಯೂ ಮನೆಯ ಆಯವ್ಯಯವನ್ನು ಕನ್ನಡದಲ್ಲಿ ಬರೆದು ಮನಸ್ಸಿನ ಆಯವ್ಯಯವನ್ನು ಇಂಗ್ಲಿಷಿನಲ್ಲಿ ಬರೆದವರು ಎಷ್ಟು ಮಂದಿಯಿಲ್ಲ!

ದುಭಾಷಿಗಳನ್ನು ಸಿದ್ಧಪಡಿಸಲು ಸರ್ಕಾರವು ೧೮೮೩ರಲ್ಲಿ ಒಂದು ಶಾಲೆಯನ್ನು ತೆರೆಯಿತು. ೧೮೮೬ರಲ್ಲಿ ಪ್ರಭುಮನೆತನದ ತರುಣರಿಗಾಗಿ ಯುಗ್ಯೊಂಗ್ ಕೊಂಗ್ವೊನ್ ಎಂಬ ರಾಜಶಾಲೆಯು ಏರ್ಪಟ್ಟಿತು. ಉಪಾಧ್ಯಾಯರು ಮೂವರು ಅಮೆರಿಕನರು: ಹಲ್ಬರ್ಟ್, ಗಿಲ್ಮೋರ್, ಬಂಕರ್. ಶಿಷ್ಯರು ಸೇವಕರೊಡನೆ ಶಾಲೆಗೆ ಬರುವರು. ಅರಸನೇ ಕೆಲವೊಮ್ಮೆ ಅವರನ್ನು ಪರೀಕ್ಷಿಸುವನು. ಆದರೂ ಪ್ರಭುಪುತ್ರರಿಗೆ ಕಾಗುಣಿತದಲ್ಲಿ ಆಸಕ್ತಿ ಬಹುದಿನ ನಿಲ್ಲಲಿಲ್ಲ. ೧೮೯೪ರಲ್ಲಿ ಶಾಲೆ ಮುಚ್ಚಿತು. ಆಪೆಂಜೆಲರ್ ಎಂಬ ಪಾದ್ರಿಯು ೧೮೮೫ರಲ್ಲಿ ಸ್ಥಾಪಿಸಿದ ಪೇಜೇ ಶಾಲೆಯು ಹೆಚ್ಚು ಬಾಳಿತು. ಅಲ್ಲಿಗೆ ಹುಡುಗರು ಬರುತ್ತಿದ್ದುದು ಮುಖ್ಯವಾಗಿ ಸರ್ಕಾರಿ ಹುದ್ದೆಯ ಆಸೆಯಿಂದ. ಮುಂದೆ ದಕ್ಷಿಣ ಕೊರಿಯಾದ ಮೊದಲ ಅಧ್ಯಕ್ಷನಾದ ಸಿಂಗ್‌ಮನ್ ರೀ ಇಂಗ್ಲಿಷಿಗಾಗಿಯೇ ಅಲ್ಲಿ ಸೇರಿದನು; ತರುವಾಯ ಸೆರೆಮನೆಯಲ್ಲಿ ಕುಳಿತು ಇಂಗ್ಲಿಷ್-ಕೊರಿಯನ್ ನಿಘಂಟೊಂದನ್ನು ಆರಂಭಿಸಿ, ೧೯೦೪ರಲ್ಲಿ ಅರ್ಧಕ್ಕೆ ಬಿಟ್ಟನು.

ಹಲ್ಬರ್ಟನ ವಿಷಯದಲ್ಲಿ ಕನ್ನಡಿಗರಾದ ನಾವು ಒಂದು ಕ್ಷಣ ನಿಲ್ಲಬೇಕು. ಈತನು ೧೯೦೫ರಲ್ಲಿ ಕೊರಿಯನ್ ಭಾಷೆಯನ್ನು ನಮ್ಮ ದ್ರಾವಿಡ ಭಾಷೆಗಳೊಡನೆ ಹೋಲಿಸಿ ವ್ಯಾಕರಣವೊಂದನ್ನು ಸೋಲ್ ನಗರದಲ್ಲಿ ಅಚ್ಚುಹಾಕಿಸಿದನು. ಎರಡಕ್ಕೂ ರಕ್ತಸಂಬಂಧವುಂಟೆಂಬ ಅವನ ಮತವನ್ನು ಇಂದಿನ ಭಾಷಾಶಾಸ್ತ್ರಜ್ಞರು ಒಪ್ಪುವುದಿಲ್ಲ. ಆದರೆ ಕ್ರಿಯಾಪದವನ್ನು ವಾಕ್ಯದ ಕೊನೆಗಿಟ್ಟು, ವಿಭಕ್ತಿಪ್ರತ್ಯಯವನ್ನು ನಾಮಪದದ ಬೆನ್ನಿಗೆ ಕಟ್ಟುವ ಕೊರಿಯನನು ಇಂಗ್ಲಿಷ್ ವಾಕ್ಯದ ಮುಂದೆ ಪಡುವ ಪಾಡು ನಮ್ಮವರ ಪಾಡೇ.

ಅದೇ ವರ್ಷ ಜಪಾನು ರಷ್ಯವನ್ನು ಗೆದ್ದು ಕೊರಿಯಾದ ಕೊರಳಿಗೆ ಕೈಹಾಕಿತು. ಕೊಜೊಂಗನು ಒಡಂಬಡಿಕೆಯ ಆ ಪ್ರಕರಣವನ್ನು ನೆನೆದು, ತನ್ನ ಪತ್ರವನ್ನು ಹಲ್ಬರ್ಟನ ಕೈಯಲ್ಲಿ ಕೊಟ್ಟು ವಾಷಿಂಗ್ಟನಿಗೆ ಕಳುಹಿಸಿದನು. ಅಧ್ಯಕ್ಷ ರೂಸ್‌ವೆಲ್ಟನು ಅವನಿಗೆ ಭೇಟಿ ಕೊಡಲಿಲ್ಲ. ನವೆಂಬರ್ ೧೭ರಂದು ಸೋಲಿನ ಅರಮನೆಯಲ್ಲಿ, ಸೈನಿಕರ ಕಾವಲಿನ ನಡುವೆ, ಮಂತ್ರಿಗಳು ರಕ್ಷಣಾಧಿಕಾರದ ಪತ್ರಕ್ಕೆ ಒಪ್ಪಿದರು. ಅವರಲ್ಲಿ ಯಿ ವಾನ್-ಯೊಂಗನೆಂಬವನು ಹಿಂದೆ ಹಲ್ಬರ್ಟನ ರಾಜಶಾಲೆಯಲ್ಲಿಯೇ ಇಂಗ್ಲಿಷ್ ಕಲಿತವನು. ಅಮೆರಿಕವು ತನ್ನ ರಾಯಭಾರಕಚೇರಿಯನ್ನು ಆ ತಿಂಗಳಲ್ಲಿಯೇ ಹಿಂತೆಗೆಯಿತು. ನುಡಿಗಟ್ಟೊಂದರಿಂದ ರಾಜ್ಯ ಹೋಯಿತೆಂದು ನಾವು ಹೇಳುವುದಿಲ್ಲ. ಫಿರಂಗಿಗಳು ಬೇರೆಯೇ ಇದ್ದವು. ಆದರೆ ಅರಸನು ಕೊನೆಯ ಗಳಿಗೆಯಲ್ಲಿ ಹಿಡಿದ ಹಗ್ಗವು ಹಗ್ಗವೇ ಆಗಿರಲಿಲ್ಲ.

ಇಷ್ಟಾದರೂ ಜನರು ಕಲಿಯುವುದನ್ನು ಬಿಡಲಿಲ್ಲ. ದೇವಿ ಹಾಕುವುದನ್ನು ದೇಶದಲ್ಲಿ ಹರಡಿದ ವೈದ್ಯ ಚಿ ಸೊಕ್-ಯೊಂಗನು, ಚೊಂಗ್ ಯಾಕ್-ಯೊಂಗನೆಂಬ ಪೂರ್ವ ವಿದ್ವಾಂಸನ ಎರಡು ಸಾವಿರ ಅಕ್ಷರಗಳ ಬಾಲಪಾಠವನ್ನು ೧೯೦೮ರಲ್ಲಿ ಹೊಸದಾಗಿ ಅಚ್ಚುಹಾಕಿಸಿ, ಪ್ರತಿಯೊಂದು ಅಕ್ಷರಕ್ಕೂ ಇಂಗ್ಲಿಷ್ ಪದವನ್ನೂ ಅದರ ಉಚ್ಚಾರಣೆಯನ್ನೂ ಕೊರಿಯನ್ ಲಿಪಿಯಲ್ಲಿ ಕೊಟ್ಟನು. ಕೊರಿಯನ್ನಿನಲ್ಲಿ ರಕಾರ ಲಕಾರಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಅವನು ಮಾಡಿದ ಉಪಾಯವೇನೆಂದರೆ, ಅಕ್ಕಿಯೆಂಬರ್ಥದ ‘ರೈಸ್’ ಪದವನ್ನು ‘ಉರೈಸ್ಸು’ ಎಂಬಂತೆಯೂ, ‘ಲರ್ನ್’ ಎಂಬುದನ್ನು ‘ಉಲ್ಲರ್ನ್’ ಎಂಬಂತೆಯೂ ಬರೆದನು. ಒಮ್ಮೆ ಬಾಯಲ್ಲಿ ಆಡಿ ನೋಡಿದರೆ, ನಾಲಗೆಯನ್ನು ಸರಿಯಾದ ಸ್ಥಾನಕ್ಕೆ ಕೊಂಡೊಯ್ಯುವ ಜಾಣತನ ಎಷ್ಟೆಂಬುದು ಗೊತ್ತಾಗುವುದು. ಇಂದಿನ ಅನೇಕ ಪಠ್ಯಪುಸ್ತಕಗಳಲ್ಲಿ ಇಷ್ಟು ವಿವೇಕ ಕಾಣದು.

೧೯೧೦ರಿಂದ ೧೯೪೫ರವರೆಗಿನ ಜಪಾನೀ ಆಳ್ವಿಕೆಯಲ್ಲಿ ಇಂಗ್ಲಿಷ್ ಪದಗಳು ಜಪಾನೀ ಬಾಯಿಂದ ಹಾದು ಬಂದವು. ಬಿಳಿಯ ಅಂಗಿಗೆ ‘ವೈ-ಶರ್ಟು’ ಎಂದಾಯಿತು; ‘ವೈಟ್’ ಪದದ ಬಾಲ ದಾರಿಯಲ್ಲಿ ಬಿದ್ದುಹೋಯಿತು. ಹೊಲಿಗೆಯ ಯಂತ್ರವು ಬರಿಯ ‘ಮಿಸಿಂಗ್’ ಆಯಿತು, ಅಂದರೆ ‘ಮೆಷೀನ್’. ನಮ್ಮ ಮನೆಗಳಲ್ಲಿ ‘ಮಿಷನ್ನು’ ಎಂದೊಡನೆ ಹೊಲಿಗೆಯೇ ನೆನಪಾಗುವುದಷ್ಟೆ. ಕಾಫಿಯು ಹಳ್ಳಿಗರ ‘ಕಾಪಿ’ಯಂತೆ ಅಲ್ಲಿ ‘ಕೊಪಿ’. ಫಕಾರವನ್ನು ಇಬ್ಬರ ನಾಲಗೆಯೂ ಒಲ್ಲದು.

೧೯೪೫ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇನೆ ದಕ್ಷಿಣಾರ್ಧವನ್ನು ವಶಪಡಿಸಿಕೊಂಡಿತು. ಸೇನಾಪತಿ ಮೆಕಾರ್ಥರನ ಮೊದಲನೆಯ ಘೋಷಣೆಯಲ್ಲಿ, ಸೈನಿಕ ಆಡಳಿತದ ಕಾಲದಲ್ಲಿ ಇಂಗ್ಲಿಷೇ ಅಧಿಕೃತ ಭಾಷೆಯೆಂದೂ, ಪಾಠಗಳಲ್ಲಿ ಭೇದ ಕಂಡರೆ ಇಂಗ್ಲಿಷ್ ಪಾಠವೇ ಪ್ರಮಾಣವೆಂದೂ ಇತ್ತು. ಅರವತ್ತಮೂರು ವರ್ಷಗಳ ಹಿಂದೆ ಹೇಳದೆ ಉಳಿದ ಮಾತನ್ನು ಈ ಸಲ ಬಾಯಿಬಿಟ್ಟೇ ಹೇಳಿದರು. ಮೂರು ವರ್ಷಗಳ ಆ ಆಡಳಿತಕ್ಕೆ ಜನರು ‘ದುಭಾಷಿಗಳ ಸರ್ಕಾರ’ವೆಂದು ಅಡ್ಡಹೆಸರಿಟ್ಟರು. ಹಲ್ಬರ್ಟನು ೧೯೪೯ರಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ, ಸೋಲಿಗೆ ಮರಳಿ ಕೆಲವೇ ದಿನಗಳಲ್ಲಿ ತೀರಿಕೊಂಡನು. ಅವನ ಸಮಾಧಿ ಆ ನಗರದ ನದೀತೀರದಲ್ಲಿದೆ.

ಈಗ ಅಲ್ಲಿ ಮಕ್ಕಳು ಇಂಗ್ಲಿಷನ್ನು ಮೂರನೆಯ ತರಗತಿಯಿಂದಲೇ ಕಲಿಯುತ್ತಾರೆ. ೧೯೯೭ರಿಂದ ಹೀಗೆ ನಡೆದಿದೆ. ನಿತ್ಯದ ಮಾತಿನಲ್ಲಿ ಸೇರಿದ ಇಂಗ್ಲಿಷ್ ಪದಗಳಾದರೋ ತಮ್ಮದೇ ಸಂಸಾರ ಹೂಡಿವೆ. ಪರೀಕ್ಷೆಯಲ್ಲಿ ನಕಲು ಮಾಡುವುದು ‘ಕನ್ನಿಂಗ್’. ಅಂಗಡಿಯವನು ಬಿಟ್ಟಿಯಾಗಿ ಕೊಟ್ಟ ಕೊಸರು ‘ಸೊಬಿಸು’, ಅಂದರೆ ‘ಸರ್ವಿಸ್’. ಆಟಕ್ಕೋ ಪರೀಕ್ಷೆಗೋ ಹೊರಟವನನ್ನು ಹುರಿದುಂಬಿಸಲು ಕೂಗುವುದು ‘ಪೈಟಿಂಗ್’. ಅಲ್ಲಿ ಜಗಳದ ಗಂಧವೂ ಇಲ್ಲ. ಅಮೆರಿಕದವನೊಬ್ಬನು ಇದನ್ನು ಮೊದಲು ಕೇಳಿ ಸುತ್ತ ನೋಡಿದರೆ ತಪ್ಪಲ್ಲ. ಇವನ್ನೆಲ್ಲ ತಪ್ಪು ಇಂಗ್ಲಿಷೆಂದು ಉಪಾಧ್ಯಾಯರು ತಿದ್ದುತ್ತಿರುವಾಗಲೇ, ೨೦೨೧ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಕೊರಿಯಾದಿಂದ ಬಂದ ಇಪ್ಪತ್ತಕ್ಕೂ ಹೆಚ್ಚು ಪದಗಳನ್ನು ಸೇರಿಸಿಕೊಂಡರು. ಅವುಗಳಲ್ಲಿ ‘ಫೈಟಿಂಗ್’ ಒಂದು. ಕೊರಿಯನರು ಕೊಟ್ಟ ಅರ್ಥವನ್ನೇ ಅದರ ಮುಂದೆ ಬರೆದಿದ್ದಾರೆ.