ದತ್ತಸಂಚಯದಲ್ಲಿ ಸಾಲುಗಳ ಕ್ರೋಡೀಕರಣ

ಸಾಲುಗಳ ಕ್ರೋಡೀಕರಣ ಎಂದರೆ ದತ್ತಸಂಚಯ ಅಥವಾ ಡೇಟಾಬೇಸಿನಲ್ಲಿ ಒಬ್ಬ ವ್ಯಕ್ತಿಗೆ ಸಂಬಂಧಿಸಿದ ಅನೇಕ ದಾಖಲೆಗಳನ್ನು ಒಂದೇ ಸಾಲಿನಲ್ಲಿ ತೋರಿಸುವ ವಿಧಾನ. ಉದಾಹರಣೆಗೆ, 101ನೇ ಸಂಖ್ಯೆಯ ನೌಕರನಿಗೆ ಕನ್ನಡ, ತಮಿಳು, ಹಿಂದಿ ಭಾಷೆಗಳು ತಿಳಿದಿದ್ದರೆ ಭಾಷೆಗಳ ಕೋಷ್ಟಕದಲ್ಲಿ ಆತನಿಗೆ ಮೂರು ಸಾಲುಗಳಿರುತ್ತವೆ. ವರದಿಯಲ್ಲಿ ಮಾತ್ರ ಅವು ಒಂದೇ ಸಾಲಾಗಿ ಬರಬೇಕಾಗುತ್ತದೆ.

ಹಿನ್ನೆಲೆ

ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಎಫ್. ಕಾಡ್ ಅವರು 1970ರಲ್ಲಿ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದರು. ಈ ಮಾದರಿಯ ಪ್ರಥಮ ಸಾಮಾನ್ಯ ರೂಪದಂತೆ ಕೋಷ್ಟಕದ ಒಂದು ಮನೆಯಲ್ಲಿ ಒಂದೇ ಮೌಲ್ಯವಿರಬೇಕು. ಆದ್ದರಿಂದ ಒಬ್ಬರ ವಿವರಗಳು ಹಲವು ಸಾಲುಗಳಲ್ಲಿ ಹಂಚಿಹೋಗುತ್ತವೆ.

ವಿಧಾನಗಳು

* ಜೋಡಿಸಿ ಬರೆಯುವುದು: ‘ಗ್ರೂಪ್ ಬೈ’ ಆದೇಶದಿಂದ ನೌಕರವಾರು ಗುಂಪು ಮಾಡಿ, ಮೌಲ್ಯಗಳನ್ನು ಅಲ್ಪವಿರಾಮದೊಂದಿಗೆ ಜೋಡಿಸಲಾಗುತ್ತದೆ. ಇದಕ್ಕೆ ಮೈಎಸ್‌ಕ್ಯೂಎಲ್‌ನಲ್ಲಿ ‘ಗ್ರೂಪ್ ಕಾನ್‌ಕ್ಯಾಟ್’, ಒರಾಕಲ್‌ನಲ್ಲಿ ‘ಲಿಸ್ಟ್ ಎಗ್’, ಪೋಸ್ಟ್‌ಗ್ರೆಸ್ ಹಾಗೂ 2017ರ ನಂತರದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಸ್ಟ್ರಿಂಗ್ ಎಗ್’ ಎಂಬ ಫಂಕ್ಷನ್‌ಗಳಿವೆ.
* ಅಡ್ಡಲಾಗಿ ಹರಡುವುದು: ಮೂಲವೇತನ, ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆಗಳಂತೆ ವಿವರಗಳ ಬಗೆಗಳು ಮೊದಲೇ ನಿಶ್ಚಿತವಾಗಿದ್ದರೆ ಪ್ರತಿಯೊಂದಕ್ಕೂ ಬೇರೆ ಕಾಲಂ ರಚಿಸಬಹುದು. ಇದನ್ನು ಪಿವಟ್ ಎನ್ನುತ್ತಾರೆ.

ಗಮನಿಸಬೇಕಾದ ಅಂಶಗಳು

ಎರಡು ಕೋಷ್ಟಕಗಳನ್ನು ನೇರವಾಗಿ ಕೂಡಿಸಿದರೆ ಲೆಕ್ಕ ತಪ್ಪುವ ಸಂಭವವಿದೆ. ಮೇಲಿನ ನೌಕರನಿಗೆ 1,000 ಮತ್ತು 500 ರೂಪಾಯಿಗಳ ಎರಡು ಭತ್ಯೆಗಳಿವೆ ಎಂದುಕೊಂಡರೆ, ಮೂರು ಭಾಷೆಗಳೊಡನೆ ಸೇರಿ ಆರು ಸಾಲುಗಳಾಗುತ್ತವೆ. 1,500 ಆಗಬೇಕಾದ ಮೊತ್ತ 4,500 ಆಗುತ್ತದೆ. ಪ್ರತಿ ಕೋಷ್ಟಕವನ್ನು ಮೊದಲು ಪ್ರತ್ಯೇಕವಾಗಿ ಕ್ರೋಡೀಕರಿಸಿ ಅನಂತರ ಕೂಡಿಸುವುದೇ ಇದಕ್ಕೆ ಪರಿಹಾರ. ಭಾಷೆಯ ದಾಖಲೆಯೇ ಇಲ್ಲದ ನೌಕರನ ಹೆಸರು ವರದಿಯಿಂದ ಬಿಟ್ಟುಹೋಗದಿರಲು ‘ಲೆಫ್ಟ್ ಜಾಯಿನ್’ ಬಳಸಬೇಕು.

ಮೈಎಸ್‌ಕ್ಯೂಎಲ್‌ನಲ್ಲಿ ಜೋಡಿಸಿದ ಪಠ್ಯದ ಮಿತಿ, ಬದಲಾಯಿಸದಿದ್ದರೆ, 1,024 ಬೈಟ್‌ಗಳು. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್‌ಗಳು ಬೇಕು. ‘ಕ್ಷಿ’ ಎಂಬ ಒಂದೇ ಅಕ್ಷರ 4 ಚಿಹ್ನೆಗಳಿಂದಾಗಿ 12 ಬೈಟ್ ತೆಗೆದುಕೊಳ್ಳುತ್ತದೆ. ಹೀಗಾಗಿ ಕನ್ನಡ ಪಠ್ಯವು ಇಂಗ್ಲಿಷಿಗಿಂತ ಬೇಗ ಮಿತಿ ಮುಟ್ಟುತ್ತದೆ. ಉಳಿದ ಭಾಗ ಕತ್ತರಿಸಿಹೋಗುತ್ತದೆ. ಎಚ್ಚರಿಕೆಯ ಸಂದೇಶವನ್ನು ಪರಿಶೀಲಿಸದಿದ್ದರೆ ಅದು ಗಮನಕ್ಕೆ ಬಾರದು.

ಕ್ರೋಡೀಕರಿಸಿದ ಸಾಲು ಓದಲು ಅನುಕೂಲ, ಆದರೆ ಹುಡುಕಲು ಮತ್ತು ತಿದ್ದಲು ಕಷ್ಟ. ಆದುದರಿಂದ ಮೂಲ ದಾಖಲೆಗಳನ್ನು ಬಿಡಿಬಿಡಿಯಾಗಿಯೇ ಉಳಿಸಿಕೊಂಡು, ವರದಿಯ ಹಂತದಲ್ಲಿ ಮಾತ್ರ ಅವುಗಳನ್ನು ಒಂದುಗೂಡಿಸುವುದು ವಾಡಿಕೆ.